ಇಂಟರ್‌ನೆಟ್ಟಿನ ವೇಗ: ಬಿಲ್ಲಿನಲ್ಲಿರುವ ಅಂಕಿ, ಮನೆಗೆ ಬರುವ ಅಂಕಿ

ಸಂಘದ ಕಚೇರಿಗೆ ಬರುವ ಸದಸ್ಯರು ಅಡಿಕೆ, ಕಾಫಿ, ಕಾಳುಮೆಣಸುಗಳ ಧಾರಣೆಯನ್ನು ವಿಚಾರಿಸಿದ ಬಳಿಕ ಈಗೀಗ ಕೇಳುವ ಮತ್ತೊಂದು ಪ್ರಶ್ನೆ, ‘ನಿಮ್ಮಲ್ಲಿ ನೆಟ್ ಹೇಗಿದೆ?’ ಎಂಬುದು. ಪ್ರಶ್ನೆಯ ಹಿಂದೆ ಒಂದು ದೂರು ಇದ್ದೇ ಇರುತ್ತದೆ. ನೂರರ ಯೋಜನೆಗೆ ಹಣ ಕಟ್ಟಿದ್ದೇವೆ, ಹತ್ತೂ ಬರುವುದಿಲ್ಲ. ಮೊಬೈಲಿನಲ್ಲಿ ನಾಲ್ಕು ಕಡ್ಡಿ ಕಾಣಿಸುತ್ತದೆ, ಬೆಳೆ ಸಮೀಕ್ಷೆಯ ಚಿತ್ರ ಮಾತ್ರ ಹೋಗುವುದಿಲ್ಲ. ಮಗ ಬೆಂಗಳೂರಿನಿಂದ ಕರೆದರೆ ಮುಖ ಕಾಣಿಸುತ್ತದೆ, ಮಾತು ಕೇಳಿಸುವುದಿಲ್ಲ. ಈ ಮೂರೂ ದೂರುಗಳು ನಿಜವಾದವು. ಆದರೆ ಮೂರರ ಕಾರಣವೂ ಬೇರೆ ಬೇರೆ, ಆದುದರಿಂದ ಪರಿಹಾರವೂ ಬೇರೆ ಬೇರೆ. ಇದನ್ನು ತಿಳಿಯದೆ ನಮ್ಮಲ್ಲಿ ಬಹುಮಂದಿ ಮಾಡುವ ಕೆಲಸವೆಂದರೆ ಇನ್ನೂ ದೊಡ್ಡ ಯೋಜನೆಗೆ ಹಣ ಕಟ್ಟುವುದು. ನಾನೂ ಹಾಗೆಯೇ ಮಾಡಿದೆ. ತಿಂಗಳಿಗೆ 300 ರೂಪಾಯಿಯಂತೆ ಒಂದು ವರ್ಷ ಹೆಚ್ಚಾಗಿ ಕಟ್ಟಿದ ಮೇಲೆ, ದೋಷವಿದ್ದದ್ದು ನನ್ನ ಮನೆಯ ಒಂದು ಕಬ್ಬಿಣದ ಕಪಾಟಿನಲ್ಲಿ ಎಂದು ತಿಳಿಯಿತು. ಆ ಕಥೆ ಮುಂದೆ ಬರುತ್ತದೆ.

ಬಿಟ್ಟು ಮತ್ತು ಬೈಟು

ಮೊದಲಿಗೆ ಅಳತೆಯ ಮಾತು. ಕಾಫಿ ಬೆಳೆಯುವವರು ಧಾರಣೆ ಹೇಳುವಾಗ 50 ಕಿಲೋ ಚೀಲಕ್ಕೆ ಎಷ್ಟು ಎನ್ನುತ್ತಾರೆ. ಅಡಿಕೆಯವರು ಕಿಲೋಗೆ ಇಷ್ಟು, ಇಲ್ಲವೆ ಕ್ವಿಂಟಾಲಿಗೆ ಇಷ್ಟು ಎನ್ನುತ್ತಾರೆ. ಯಾವ ತೂಕಕ್ಕೆ ಎಂದು ಕೇಳದೆ ಅಂಕಿಯನ್ನು ಮಾತ್ರ ಕೇಳಿಸಿಕೊಂಡವನು ಮೋಸ ಹೋಗುತ್ತಾನೆ. ಇಂಟರ್‌ನೆಟ್ಟಿನಲ್ಲಿಯೂ ಹೀಗೆ ಎರಡು ತೂಕಗಳಿವೆ. ವೇಗವನ್ನು ಬಿಟ್‌ಗಳಲ್ಲಿ ಹೇಳುತ್ತಾರೆ, ಸರಕನ್ನು ಬೈಟ್‌ಗಳಲ್ಲಿ ಅಳೆಯುತ್ತಾರೆ. 8 ಬಿಟ್ ಸೇರಿದರೆ 1 ಬೈಟ್. ‘100 ಎಂಬಿಪಿಎಸ್’ ಎಂದರೆ ಸೆಕೆಂಡಿಗೆ 100 ಮೆಗಾಬಿಟ್. ಫೋನಿನಲ್ಲಿರುವ ಚಿತ್ರ, ವಿಡಿಯೋ, ದಿನದ ಒಂದೂವರೆ ಜಿಬಿ ಪ್ಯಾಕು, ಇವೆಲ್ಲ ಬೈಟ್ ಲೆಕ್ಕದವು. ಆದುದರಿಂದ 100ರ ಸಂಪರ್ಕದಲ್ಲಿ ಸೆಕೆಂಡಿಗೆ ಬರುವುದು 100 ಮೆಗಾಬೈಟ್ ಅಲ್ಲ, ಹೆಚ್ಚೆಂದರೆ 12.5 ಮೆಗಾಬೈಟ್. 500 ಮೆಗಾಬೈಟಿನ ಒಂದು ಚಲನಚಿತ್ರ ಐದು ಸೆಕೆಂಡಿನಲ್ಲಿ ಬರಬೇಕಿತ್ತಲ್ಲ ಎಂದು ಕೋಪಿಸುವವರಿದ್ದಾರೆ. ಅದಕ್ಕೆ 40 ಸೆಕೆಂಡು ಬೇಕು, ಅದು ನ್ಯಾಯವಾದ ಲೆಕ್ಕವೇ.

ಇದೇ ಲೆಕ್ಕವನ್ನು ಮೊಬೈಲಿಗೆ ಹಾಕಿದರೆ ಇನ್ನೊಂದು ಸಂಗತಿ ಕಾಣುತ್ತದೆ. 40 ಎಂಬಿಪಿಎಸ್ ವೇಗ ಸಿಕ್ಕರೆ ಸೆಕೆಂಡಿಗೆ 5 ಮೆಗಾಬೈಟ್ ಬರುತ್ತದೆ. ದಿನದ ಒಂದೂವರೆ ಜಿಬಿ ಮುಗಿಯಲು ಆಗ ಐದೇ ನಿಮಿಷ ಸಾಕು. ಮುಗಿದ ಮೇಲೆ ಸಂಪರ್ಕ ಕಡಿಯುವುದಿಲ್ಲ, ಅನೇಕ ಪ್ಯಾಕುಗಳಲ್ಲಿ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಮೂರು ಮೆಗಾಬೈಟಿನ ಒಂದು ಚಿತ್ರವನ್ನು ಆ ವೇಗದಲ್ಲಿ ಕಳುಹಿಸಲು ಆರು ನಿಮಿಷಕ್ಕಿಂತ ಹೆಚ್ಚು ಬೇಕು. ‘ಬೆಳಗ್ಗೆ ಚೆನ್ನಾಗಿತ್ತು, ಮಧ್ಯಾಹ್ನದ ಮೇಲೆ ಟವರ್ ಹಾಳಾಯಿತು’ ಎಂಬ ದೂರುಗಳಲ್ಲಿ ಕೆಲವು ಹೀಗೆ ಹುಟ್ಟಿದವು. ಟವರಿಗೆ ಏನೂ ಆಗಿರುವುದಿಲ್ಲ. ಮನೆಯ ಮಕ್ಕಳು ಬೆಳಗ್ಗೆಯೇ ಪ್ಯಾಕನ್ನು ಮುಗಿಸಿರುತ್ತಾರೆ.

ಸಪೂರವಾದ ಜಾಗ ಯಾವುದು?

ಗುಡ್ಡದ ಮೇಲಿನ ಕೆರೆಯಿಂದ ಇಳಿಜಾರಿನಲ್ಲಿ ಮನೆಗೆ ನೀರು ತಂದವರಿಗೆ ಮುಂದಿನ ಮಾತನ್ನು ವಿವರಿಸಬೇಕಾಗಿಲ್ಲ. ಕೆರೆಯ ಬಳಿ ಮೂರು ಇಂಚಿನ ಪೈಪು ಹಾಕಿ, ಮಧ್ಯೆ ಎಲ್ಲಿಯಾದರೂ ಒಂದು ಕಡೆ ಅರ್ಧ ಇಂಚಿನ ತುಂಡನ್ನು ಸೇರಿಸಿದರೆ ಮನೆಗೆ ಬರುವುದು ಅರ್ಧ ಇಂಚಿನ ನೀರೇ. ಮೇಲಿನ ಪೈಪನ್ನು ನಾಲ್ಕು ಇಂಚಿಗೆ ಬದಲಿಸಿದರೆ ಪ್ರಯೋಜನವಿಲ್ಲ. ಇಂಟರ್‌ನೆಟ್ ಕೂಡ ಒಂದೇ ಪೈಪಲ್ಲ, ಸೇರಿಸಿದ ಹಲವು ತುಂಡುಗಳು. ನೀವು ನೋಡುವ ವಿಡಿಯೋ ಇರುವ ದೂರದ ಯಂತ್ರ, ಅಲ್ಲಿಂದ ಕಂಪನಿಯವರೆಗಿನ ಹಾದಿ, ಕಂಪನಿಯಿಂದ ನಮ್ಮ ಊರಿನ ಪೆಟ್ಟಿಗೆ ಅಥವಾ ಟವರಿನವರೆಗಿನ ಹಾದಿ, ಅಲ್ಲಿಂದ ಮನೆಯ ಗೋಡೆಯವರೆಗಿನ ಕೇಬಲ್, ಕೊನೆಗೆ ಗೋಡೆಯ ಪೆಟ್ಟಿಗೆಯಿಂದ ಕೈಯಲ್ಲಿರುವ ಫೋನಿನವರೆಗೆ ಗಾಳಿಯಲ್ಲಿ ಸಾಗುವ ವೈಫೈ. ಕಂಪನಿಯವರು ಬಿಲ್ಲಿನಲ್ಲಿ ಬರೆಯುವ 100 ಎಂಬುದು ಇದರಲ್ಲಿ ಒಂದು ತುಂಡಿನ ಅಳತೆ ಮಾತ್ರ. ಅದರ ಹಿಂದೆ ‘ವರೆಗೆ’ ಎಂಬ ಸಣ್ಣ ಪದವೊಂದು ಇರುತ್ತದೆ. ಅದನ್ನು ಓದಿಕೊಳ್ಳತಕ್ಕದ್ದು.

ಈಗ ಕಪಾಟಿನ ಕಥೆ. ನಮ್ಮದು ಮುರಕಲ್ಲಿನ ಹಳೆಯ ಮನೆ. ಗೋಡೆಗಳು ಒಂದೂವರೆ ಅಡಿ ದಪ್ಪ. ಫೈಬರ್ ಎಳೆಯಲು ಬಂದ ಹುಡುಗ ಕೇಬಲ್ ಉಳಿಸಲೆಂದು ರಸ್ತೆಯ ಕಡೆಯ ಕೋಣೆಯಲ್ಲಿಯೇ ಪೆಟ್ಟಿಗೆಯನ್ನು ಕೂರಿಸಿದ. ಅದು ಕಾಣಿಸಬಾರದು, ಧೂಳು ಕೂರಬಾರದು ಎಂದು ನಾವು ಅದನ್ನು ಲೆಕ್ಕಪತ್ರವಿಡುವ ಕಬ್ಬಿಣದ ಕಪಾಟಿನ ಹಿಂದಕ್ಕೆ ಸರಿಸಿದೆವು. ಉಪ್ಪರಿಗೆಯಲ್ಲಿ ಓದುವ ಮಗಳಿಗೆ ನೆಟ್ ಸಿಗಲಿಲ್ಲ. 50ರ ಯೋಜನೆಯನ್ನು 100ಕ್ಕೆ ಏರಿಸಿದೆವು. ಸಿಗಲಿಲ್ಲ. ಕೊನೆಗೆ ಪೇಟೆಯಿಂದ ಬಂದ ನೆಂಟನೊಬ್ಬ ತನ್ನ ಲ್ಯಾಪ್‌ಟಾಪನ್ನು ನೇರವಾಗಿ ಪೆಟ್ಟಿಗೆಗೆ ತಂತಿಯಿಂದ ಜೋಡಿಸಿ ಪರೀಕ್ಷಿಸಿದ. 94 ತೋರಿಸಿತು. ಉಪ್ಪರಿಗೆಯಲ್ಲಿ ಅದೇ ಹೊತ್ತಿಗೆ 3. ಕಂಪನಿ ಕೊಟ್ಟದ್ದು ಗೋಡೆಯವರೆಗೆ ಬಂದಿತ್ತು, ನಮ್ಮ ಕಪಾಟು ಮತ್ತು ಗೋಡೆಗಳು ಅದನ್ನು ನುಂಗಿದ್ದವು. ವರ್ಷಕ್ಕೆ ಹೆಚ್ಚು ಕಟ್ಟಿದ 3,600 ರೂಪಾಯಿಗೆ ಹೆಚ್ಚುಕಡಿಮೆ ಎರಡು ಚೀಲ ಪೊಟ್ಯಾಷ್ ಬರುತ್ತಿತ್ತು.

ಆದುದರಿಂದ ಮೊದಲು ಮಾಡಬೇಕಾದ ಪರೀಕ್ಷೆ ಇದು: ಒಮ್ಮೆ ಪೆಟ್ಟಿಗೆಯ ಬಳಿಯೇ ನಿಂತು ಅಳೆಯಿರಿ, ಸಾಧ್ಯವಿದ್ದರೆ ತಂತಿಯಿಂದ ಜೋಡಿಸಿ ಅಳೆಯಿರಿ. ಮತ್ತೊಮ್ಮೆ ನೀವು ದಿನವೂ ಕೂರುವ ಜಾಗದಲ್ಲಿ ಅಳೆಯಿರಿ. ಅಳೆಯಲು ಟ್ರಾಯ್ ಎಂಬ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2016ರಲ್ಲಿ ಹೊರತಂದ ‘ಮೈಸ್ಪೀಡ್’ ಎಂಬ ಉಚಿತ ಆ್ಯಪ್ ಇದೆ, ಬೇರೆಯವೂ ಇವೆ. ಎರಡು ಅಂಕಿಗಳೂ ಕಡಿಮೆ ಇದ್ದರೆ ದೋಷ ಹೊರಗಿನದು, ಕಂಪನಿಗೆ ದೂರು ಕೊಡಬಹುದು. ಪೆಟ್ಟಿಗೆಯ ಬಳಿ ಚೆನ್ನಾಗಿದ್ದು ಒಳಗೆ ಕಡಿಮೆ ಇದ್ದರೆ ದೋಷ ಮನೆಯೊಳಗಿನದು. ಆಗ ಯಾವ ಕಂಪನಿಯ ಯಾವ ಯೋಜನೆಯೂ ಅದನ್ನು ಸರಿಪಡಿಸದು.

ಮನೆಯೊಳಗಿನ ದೋಷಕ್ಕೆ ಮದ್ದು ಅಗ್ಗದ್ದು. ಪೆಟ್ಟಿಗೆಯನ್ನು ಮನೆಯ ನಡುವೆ, ಎದೆಯೆತ್ತರಕ್ಕಿಂತ ಮೇಲೆ, ತೆರೆದ ಜಾಗದಲ್ಲಿ ಇಡಬೇಕು. ಕಬ್ಬಿಣದ ಕಪಾಟು, ಫ್ರಿಜ್, ನೀರಿನ ಟ್ಯಾಂಕಿ, ಕನ್ನಡಿ ಇವುಗಳ ಹಿಂದೆ ಇಡಬಾರದು. ಈಗಿನ ಪೆಟ್ಟಿಗೆಗಳು ಎರಡು ಬಗೆಯ ಅಲೆಗಳನ್ನು ಹೊರಡಿಸುತ್ತವೆ. 2.4 ಗಿಗಾಹರ್ಟ್ಸ್‌ನದು ನಿಧಾನ, ಆದರೆ ಗೋಡೆಗಳನ್ನು ದಾಟುತ್ತದೆ. 5 ಗಿಗಾಹರ್ಟ್ಸ್‌ನದು ವೇಗ, ಆದರೆ ಒಂದು ದಪ್ಪ ಗೋಡೆಗೇ ಸುಸ್ತಾಗುತ್ತದೆ. ಚಾವಡಿಯಲ್ಲಿ ಪೆಟ್ಟಿಗೆಯ ಎದುರು ಕೂರುವವರಿಗೆ ಎರಡನೆಯದು, ಅಡಿಗೆಮನೆಗೆ ಮತ್ತು ಅಂಗಳಕ್ಕೆ ಮೊದಲನೆಯದು. ಮುರಕಲ್ಲು, ಅದರಲ್ಲಿಯೂ ಮಳೆಗಾಲದಲ್ಲಿ ನೀರು ಕುಡಿದ ಮುರಕಲ್ಲು, ಎರಡಕ್ಕೂ ಶತ್ರು. ಮಂಗಳೂರು ಹಂಚಿನ ಮಾಡು ಅಷ್ಟು ತಡೆಯುವುದಿಲ್ಲ; ಅಂಗಳಕ್ಕೆ ಹೊದಿಸಿದ ತಗಡು ಬಹಳ ತಡೆಯುತ್ತದೆ. ದೊಡ್ಡ ಮನೆಯಾದರೆ ಉಪ್ಪರಿಗೆಗೆ ಒಂದು ನೆಟ್‌ವರ್ಕ್ ತಂತಿಯನ್ನು ಎಳೆದು ಅಲ್ಲಿ ಎರಡನೆಯ ವೈಫೈ ಪೆಟ್ಟಿಗೆ ಇಡುವುದು ಎಲ್ಲಕ್ಕಿಂತ ಒಳ್ಳೆಯದು. ಈ ತಂತಿ 100 ಮೀಟರಿನವರೆಗೆ ಸರಿಯಾಗಿ ಕೆಲಸ ಮಾಡುತ್ತದೆ. ತಂತಿಯಿಲ್ಲದೆ ಗಾಳಿಯಲ್ಲಿಯೇ ಹಿಡಿದು ಮತ್ತೆ ಬಿಡುವ ‘ಎಕ್ಸ್‌ಟೆಂಡರ್’ ಎಂಬ ಸಣ್ಣ ಸಾಧನವನ್ನು ಅಂಗಡಿಯವರು ಉತ್ಸಾಹದಿಂದ ಮಾರುತ್ತಾರೆ. ಅದು ತಾನು ಹಿಡಿದದ್ದನ್ನಷ್ಟೇ ಬಿಡಬಲ್ಲದು, ಅದರಲ್ಲಿಯೂ ಸಾಮಾನ್ಯವಾಗಿ ಅರ್ಧವನ್ನು ತನ್ನ ಕೂಲಿಗೆ ಇಟ್ಟುಕೊಳ್ಳುತ್ತದೆ.

94 ಎಂಬ ಅಂಕಿಯ ಬಗ್ಗೆಯೂ ಒಂದು ಮಾತು. ಹಳೆಯ ಹಾಗೂ ಅಗ್ಗದ ಪೆಟ್ಟಿಗೆಗಳಲ್ಲಿ ತಂತಿ ಸಿಕ್ಕಿಸುವ ಜಾಗ 100 ಎಂಬಿಪಿಎಸ್‌ಗಿಂತ ಹೆಚ್ಚು ಬಿಡುವುದಿಲ್ಲ, ಕೈಗೆ ಸಿಗುವುದು 94-95. ಅಂಥ ಪೆಟ್ಟಿಗೆ ಇಟ್ಟುಕೊಂಡು 200ರ ಯೋಜನೆಗೆ ಹಣ ಕಟ್ಟುವವರು ತಮ್ಮ ಅರ್ಧ ಹಣವನ್ನು ತೋಡಿಗೆ ಬಿಡುತ್ತಿದ್ದಾರೆ.

ಗಾಜಿನ ಎಳೆ

ಮೊದಲು ನಮ್ಮ ಕಡೆ ಬಂದದ್ದು ಟೆಲಿಫೋನಿನ ತಾಮ್ರದ ತಂತಿಯಲ್ಲಿ ಬರುವ ಬ್ರಾಡ್‌ಬ್ಯಾಂಡ್. ತಾಮ್ರದಲ್ಲಿ ದೂರ ಹೆಚ್ಚಿದಂತೆ ವೇಗ ಕುಗ್ಗುತ್ತದೆ. ಎಕ್ಸ್‌ಚೇಂಜಿನ ಪಕ್ಕದ ಅಂಗಡಿಗೆ ಸಿಕ್ಕಿದ್ದು ನಾಲ್ಕೈದು ಕಿಲೋಮೀಟರು ಆಚೆಯ ತೋಟದ ಮನೆಗೆ ಸಿಗುತ್ತಿರಲಿಲ್ಲ. ಮೇ ತಿಂಗಳ ಗುಡುಗು ಆರಂಭವಾದೊಡನೆ ಮೋಡೆಮ್ಮಿನ ತಂತಿ ಕೀಳಲು ಓಡುತ್ತಿದ್ದುದು ಅನೇಕರಿಗೆ ನೆನಪಿರಬಹುದು. ಫೈಬರ್ ಎಂಬುದು ಕೂದಲೆಳೆಯಂಥ ಗಾಜು, ಅದರೊಳಗೆ ಹೋಗುವುದು ಬೆಳಕು. ಐದು ಕಿಲೋಮೀಟರಿಗೆ ಅದು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಗಾಜು ಸಿಡಿಲನ್ನು ಒಯ್ಯುವುದಿಲ್ಲ, ಇದು ನಿಜ. ಆದರೆ ಪೆಟ್ಟಿಗೆಗೆ ವಿದ್ಯುತ್ ಕೊಡುವ ಅಡಾಪ್ಟರ್ ಒಯ್ಯುತ್ತದೆ, ಕೇಬಲಿಗೆ ಬಲಕೊಡಲು ಸೇರಿಸಿದ ಉಕ್ಕಿನ ತಂತಿಯೂ ಒಯ್ಯಬಲ್ಲದು. ಫೈಬರ್ ಬಂದಿದೆಯೆಂದು ಗುಡುಗಿಗೆ ಹೆದರದೆ ಕೂರಬಾರದು.

ಒಂದು ಊರಿಗೆ ಬರುವ ಗಾಜಿನ ಎಳೆಯನ್ನು ಕವಲೊಡೆಸಿ 32 ಅಥವಾ 64 ಮನೆಗಳಿಗೆ ಹಂಚುತ್ತಾರೆ. ಹೆಚ್ಚಾಗಿ ಬಳಕೆಯಲ್ಲಿರುವ ಏರ್ಪಾಡಿನಲ್ಲಿ ಈ ಎಲ್ಲ ಮನೆಗಳಿಗೂ ಸೇರಿ ಇಳಿಯುವ ಕಡೆಗೆ ಸುಮಾರು 2,500 ಎಂಬಿಪಿಎಸ್, ಏರುವ ಕಡೆಗೆ ಸುಮಾರು 1,250. ಎಲ್ಲರೂ ಒಮ್ಮೆಲೇ ನೂರು ನೂರು ಎಳೆದರೆ 25 ಮನೆಗಳಿಗೇ ಮುಗಿಯಿತು. ಎಲ್ಲರೂ ಒಮ್ಮೆಲೇ ಎಳೆಯುವುದಿಲ್ಲವಾದ್ದರಿಂದ ಸಾಮಾನ್ಯವಾಗಿ ಇಲ್ಲಿ ತೊಂದರೆ ಬರುವುದಿಲ್ಲ. ರಾತ್ರಿ ಎಂಟರಿಂದ ಹತ್ತರವರೆಗೆ ಮಾತ್ರ ನಿಧಾನವಾಗುತ್ತಿದ್ದರೆ, ಊರಿನ ವಿತರಕರು ಮೇಲಿನಿಂದ ಕೊಂಡ ಒಟ್ಟು ವೇಗ ಕಡಿಮೆಯಾಗಿದೆ, ಗಿರಾಕಿಗಳು ಹೆಚ್ಚಾಗಿದ್ದಾರೆ ಎಂದು ಊಹಿಸಬಹುದು. ಬೆಳಗಿನ ಆರು ಗಂಟೆಯ ಅಂಕಿಯನ್ನೂ ರಾತ್ರಿ ಒಂಬತ್ತರ ಅಂಕಿಯನ್ನೂ ಒಂದು ವಾರ ಬರೆದಿಟ್ಟುಕೊಂಡು ಅವರ ಮುಂದೆ ಇಟ್ಟರೆ ಮಾತಿಗೆ ತೂಕ ಬರುತ್ತದೆ.

ಗಾಜಿನ ಎಳೆಗೆ ನಮ್ಮಲ್ಲಿ ಇರುವ ನಿಜವಾದ ಕಷ್ಟ ಬೇರೆ. ವಿದ್ಯುತ್ ಕಂಬದಿಂದ ಕಂಬಕ್ಕೆ, ಕೆಲವೊಮ್ಮೆ ಅಡಿಕೆ ಮರದಿಂದ ಅಡಿಕೆ ಮರಕ್ಕೆ ಕಟ್ಟಿ ತಂದ ಕೇಬಲಿನ ಮೇಲೆ ಸೋಗೆ ಬೀಳುತ್ತದೆ, ಕೊಯ್ಲಿನವರ ದೋಟಿ ತಾಗುತ್ತದೆ, ಮಂಗ ನೇತಾಡುತ್ತದೆ. ಪೂರ್ತಿ ತುಂಡಾದರೆ ಪೆಟ್ಟಿಗೆಯಲ್ಲಿ ‘ಎಲ್‌ಓಎಸ್’ ಎಂದು ಬರೆದ ದೀಪ ಕೆಂಪಾಗಿ ಮಿನುಗುತ್ತದೆ, ಅದು ಸುಲಭವಾಗಿ ತಿಳಿಯುತ್ತದೆ. ತುಂಡಾಗದೆ ಮಡಚಿಕೊಂಡರೆ ತಿಳಿಯುವುದಿಲ್ಲ. ಬೆಳಕು ಮಡಚಿದ ಜಾಗದಲ್ಲಿ ಹೊರಗೆ ಸೋರುತ್ತದೆ. ನೆಟ್ ಬರುತ್ತದೆ, ಹೋಗುತ್ತದೆ, ಪುನಃ ಬರುತ್ತದೆ. ದುರಸ್ತಿಗೆ ಬಂದವರಲ್ಲಿ ‘ಬೆಳಕಿನ ಬಲ ಎಷ್ಟಿದೆ, ಅಳೆದು ಹೇಳಿ’ ಎಂದು ಕೇಳಿರಿ. ಅವರ ಕೈಯಲ್ಲಿ ಅದಕ್ಕೊಂದು ಮೀಟರ್ ಇರುತ್ತದೆ. ಅದು ಋಣ ಸಂಖ್ಯೆಯಲ್ಲಿ ತೋರಿಸುತ್ತದೆ. ಮೈನಸ್ 20ರ ಆಸುಪಾಸು ಒಳ್ಳೆಯದು, ಮೈನಸ್ 25 ದಾಟಿದರೆ ಯೋಚಿಸಬೇಕು, ಮೈನಸ್ 27ರ ಆಚೆ ಸಂಪರ್ಕ ನಿಲ್ಲುವುದಿಲ್ಲ. ಸಂಖ್ಯೆ ದೊಡ್ಡದಾದಷ್ಟೂ ಬೆಳಕು ಕಡಿಮೆ ಎಂಬುದನ್ನು ಮರೆಯಬಾರದು. ಈ ಒಂದು ಪ್ರಶ್ನೆ ಕೇಳಿದ ಮೇಲೆ ದುರಸ್ತಿಯವರು ಪೆಟ್ಟಿಗೆಯನ್ನು ಆರಿಸಿ ಹೊತ್ತಿಸಿ ಹೊರಟುಹೋಗುವುದು ಕಡಿಮೆಯಾಗುತ್ತದೆ.

ಪೆಟ್ಟಿಗೆಗಳಲ್ಲಿ ಹೆಚ್ಚಿನವು 12 ವೋಲ್ಟಿನಲ್ಲಿ ನಡೆಯುತ್ತವೆ, ಬಹಳ ಕಡಿಮೆ ವಿದ್ಯುತ್ ಸಾಕು. ಕರೆಂಟು ಹೋದಾಗ ಮನೆಯ ಇನ್ವರ್ಟರ್ ಇಲ್ಲದಿದ್ದರೂ ಅದಕ್ಕೆಂದೇ ಸಿಗುವ ಸಣ್ಣ ಬ್ಯಾಟರಿ ಪೆಟ್ಟಿಗೆಯಿಂದ ಕೆಲವು ಗಂಟೆ ನಡೆಸಬಹುದು. ಮೇಲಿನ ವಿತರಕರಲ್ಲಿಯೂ ಬ್ಯಾಟರಿ ಇರಬೇಕು ಎನ್ನುವುದು ಬೇರೆ ಮಾತು.

ಟವರ್ ಕೂಗುತ್ತದೆ, ಫೋನ್ ಕೂ ಹಾಕುತ್ತದೆ

ಫೈಬರ್ ಇಲ್ಲದ ತೋಟದ ಮನೆಗಳೇ ನಮ್ಮಲ್ಲಿ ಹೆಚ್ಚು. ಅವರಿಗೆ ಗತಿ ಮೊಬೈಲು. ನಮ್ಮ ತೋಟಗಳು ನೀರಿನ ಆಸೆಯಿಂದ ಕಣಿವೆಯಲ್ಲಿವೆ, ಮನೆಗಳು ತೋಟದ ಅಂಚಿನಲ್ಲಿವೆ. ಟವರುಗಳು ರಸ್ತೆ ಮತ್ತು ಪೇಟೆಯನ್ನು ನೋಡಿಕೊಂಡು ನಿಂತಿವೆ. ಮಧ್ಯೆ ಗುಡ್ಡ. 2020 ಮತ್ತು 2021ರಲ್ಲಿ ಶಾಲೆಗಳು ಮುಚ್ಚಿದ್ದಾಗ ಮಕ್ಕಳು ಪಾಠ ಕೇಳಲು ಗುಡ್ಡ ಹತ್ತಿ, ಮಳೆಗೆ ಕೊಡೆ ಹಿಡಿದು ಕುಳಿತದ್ದನ್ನು ನಾವೆಲ್ಲ ಕಂಡಿದ್ದೇವೆ.

ಫೋನಿನ ಮೂಲೆಯಲ್ಲಿ ಕಾಣುವ ಕಡ್ಡಿಗಳನ್ನು ನಂಬುವುದಕ್ಕಿಲ್ಲ. ಎಷ್ಟು ಬಲಕ್ಕೆ ಎಷ್ಟು ಕಡ್ಡಿ ಎಂಬುದಕ್ಕೆ ಎಲ್ಲರಿಗೂ ಒಂದೇ ನಿಯಮವಿಲ್ಲ, ಫೋನ್ ತಯಾರಿಸುವವರು ತಮಗೆ ತೋಚಿದಂತೆ ಇಡುತ್ತಾರೆ. ನಿಜವಾದ ಅಂಕಿ ಫೋನಿನೊಳಗೆ ಇದೆ. ಆಂಡ್ರಾಯ್ಡ್ ಫೋನಾದರೆ ಸೆಟ್ಟಿಂಗ್ಸ್ ತೆರೆದು, ‘ಅಬೌಟ್ ಫೋನ್’ ಎಂಬಲ್ಲಿ ‘ಸಿಮ್ ಸ್ಟೇಟಸ್’ ಒತ್ತಿದರೆ ‘ಸಿಗ್ನಲ್ ಸ್ಟ್ರೆಂತ್’ ಎಂದು ಡಿಬಿಎಂ ಲೆಕ್ಕದಲ್ಲಿ ತೋರಿಸುತ್ತದೆ. ಇದೂ ಋಣ ಸಂಖ್ಯೆಯೇ. 4ಜಿಯಲ್ಲಿ ಮೈನಸ್ 80 ಒಳ್ಳೆಯದು, ಮೈನಸ್ 100 ಸಾಧಾರಣ, ಮೈನಸ್ 110 ಕಷ್ಟ, ಮೈನಸ್ 120 ಎಂದರೆ ಇದ್ದೂ ಇಲ್ಲದಂತೆ. ಹತ್ತು ಅಂಕಿ ಇಳಿದರೆ ಬಲ ಹತ್ತನೇ ಒಂದಂಶಕ್ಕೆ ಇಳಿಯಿತು ಎಂದರ್ಥ. ಈ ಅಂಕಿಯನ್ನು ನೋಡುತ್ತ ಮನೆಯ ಸುತ್ತ, ಮಾಳಿಗೆಯಲ್ಲಿ, ದನದ ಕೊಟ್ಟಿಗೆಯ ಬಳಿ, ಅಂಗಳದ ನಾಲ್ಕು ಮೂಲೆಗಳಲ್ಲಿ ನಡೆದು ನೋಡಿ. ಹತ್ತು ಹೆಜ್ಜೆಗೆ ಹದಿನೈದು ಅಂಕಿ ವ್ಯತ್ಯಾಸವಾಗುವುದನ್ನು ನಾನು ಕಂಡಿದ್ದೇನೆ.

ಈಗ ಬೆಳೆ ಸಮೀಕ್ಷೆಯ ಚಿತ್ರ ಹೋಗದಿರುವ ವಿಷಯ. ವೇಗದಲ್ಲಿ ಎರಡು ದಿಕ್ಕುಗಳಿವೆ, ನಮ್ಮ ಕಡೆಗೆ ಇಳಿಯುವುದು ಮತ್ತು ನಮ್ಮಿಂದ ಏರುವುದು. ಕಂಪನಿಯವರು ಜಾಹೀರಾತಿನಲ್ಲಿ ಹೇಳುವುದು ಸಾಮಾನ್ಯವಾಗಿ ಇಳಿಯುವುದರ ಅಂಕಿ. ಟವರಿನ ಯಂತ್ರ ಹತ್ತಾರು ವ್ಯಾಟಿನ ಬಲದಿಂದ ಕೂಗುತ್ತದೆ. ನಿಮ್ಮ ಫೋನಿಗೆ 4ಜಿಯಲ್ಲಿ ಇರುವ ಬಲ ಹೆಚ್ಚೆಂದರೆ ಒಂದು ವ್ಯಾಟಿನ ಐದನೇ ಒಂದು ಭಾಗ. ಗುಡ್ಡದಾಚೆಯಿಂದ ಯಾರೋ ಮೈಕಿನಲ್ಲಿ ಮಾತನಾಡುವುದು ನಮಗೆ ಕೇಳಿಸುತ್ತದೆ. ನಾವು ಇಲ್ಲಿಂದ ಬಾಯಿಗೆ ಕೈಯಿಟ್ಟು ‘ಕೂ’ ಎಂದರೆ ಅವರಿಗೆ ಕೇಳಿಸಬೇಕೆಂದಿಲ್ಲ. ಹಾಗೆಯೇ ವಿಡಿಯೋ ನೋಡಲು ಅಡ್ಡಿಯಿಲ್ಲದ ಜಾಗದಲ್ಲಿ ಚಿತ್ರ ಕಳುಹಿಸಲು ಆಗದಿರುವುದು ಸಹಜ. ಸಿಗ್ನಲ್ ಕಡಿಮೆ ಇರುವಲ್ಲಿ ಫೋನ್ ತನ್ನ ಪೂರ್ತಿ ಬಲದಿಂದ ಕೂಗುತ್ತಲೇ ಇರುತ್ತದೆ, ಆದ್ದರಿಂದಲೇ ತೋಟದಲ್ಲಿ ಬ್ಯಾಟರಿ ಬೇಗ ಖಾಲಿಯಾಗುತ್ತದೆ. ತೋಟದಲ್ಲಿ ತೆಗೆದ ಚಿತ್ರವನ್ನು ಅಲ್ಲಿಯೇ ಕಳುಹಿಸಲು ಒದ್ದಾಡದೆ, ಉಳಿಸಿಕೊಂಡು, ಒಳ್ಳೆಯ ಅಂಕಿ ಬರುವ ಜಾಗಕ್ಕೆ ಬಂದು ಕಳುಹಿಸುವುದು ಉತ್ತಮ. ಸಂಜೆಯ ಹೊತ್ತಿಗಿಂತ ಬೆಳಗಿನ ಜಾವ ಒಳ್ಳೆಯದು. ಬೆಳೆ ವಿಮೆಗೆ ಕೊನೆಯ ದಿನದ ಕೊನೆಯ ಗಂಟೆಯಲ್ಲಿ ಪಹಣಿಯ ಮತ್ತು ಪಾಸ್‌ಬುಕ್ಕಿನ ಚಿತ್ರ ಕಳುಹಿಸಲು ಹೋಗುವ ಸದಸ್ಯರು ಇದನ್ನು ವಿಶೇಷವಾಗಿ ಗಮನಿಸಬೇಕೆಂದು ಕೋರಿಕೆ. ಚಿತ್ರ ಬಾರದೆ ಕಚೇರಿಯ ಹುಡುಗರು ಏನೂ ಮಾಡಲಾರರು.

ಅಲೆಗಳಲ್ಲಿಯೂ ಜಾತಿಗಳಿವೆ. 700, 850, 900 ಮೆಗಾಹರ್ಟ್ಸ್‌ನ ಅಲೆಗಳು ದೂರ ಹೋಗುತ್ತವೆ, ಗುಡ್ಡದ ಅಂಚನ್ನು ಸ್ವಲ್ಪ ಬಳಸಿ ಬರುತ್ತವೆ, ಮರ ಗೋಡೆಗಳನ್ನು ದಾಟುತ್ತವೆ. ಆದರೆ ಅವುಗಳಲ್ಲಿ ಜಾಗ ಕಡಿಮೆ. 2300, 3300 ಮೆಗಾಹರ್ಟ್ಸ್‌ನವು ಹೆಚ್ಚು ಸರಕು ಹೊರುತ್ತವೆ, ದೂರ ಹೋಗಲಾರವು. 2022ರ ಅಕ್ಟೋಬರಿನಲ್ಲಿ ನಮ್ಮ ದೇಶದಲ್ಲಿ ಆರಂಭವಾದ 5ಜಿಯ ದೊಡ್ಡ ವೇಗ ಹೆಚ್ಚಾಗಿ ಈ 3300ರ ವಲಯದ್ದು. ಪೇಟೆಯಲ್ಲಿ ಟವರಿನ ಕೆಳಗೆ ನಿಂತು 300, 400 ಎಂದು ತೋರಿಸುವ ಫೋನು ಕಣಿವೆಯ ಮನೆಯಲ್ಲಿ 5ಜಿ ಸಿಗುತ್ತದೋ ಇಲ್ಲವೋ ಎಂದು ಹುಡುಕುತ್ತ 4ಜಿ, 5ಜಿಗಳ ನಡುವೆ ಹಾರಾಡುತ್ತದೆ. ಅಂಥಲ್ಲಿ ಸೆಟ್ಟಿಂಗ್ಸ್‌ನಲ್ಲಿ 5ಜಿಯನ್ನು ಆರಿಸಿ 4ಜಿ ಮಾತ್ರ ಇಟ್ಟುಕೊಂಡರೆ ಅನೇಕ ಸಲ ನೆಟ್ ಸ್ಥಿರವಾಗುತ್ತದೆ. ಕಾಸಿನ ಖರ್ಚಿಲ್ಲದ ಮದ್ದು.

ಮಳೆ ಬಂದರೆ ನೆಟ್ ಹೋಗುತ್ತದೆ ಎನ್ನುವುದು ಕಲ್ಪನೆಯಲ್ಲ. ಮಳೆಹನಿಗಳೇ ಮೊಬೈಲಿನ ಅಲೆಯನ್ನು ಬಹಳ ತಡೆಯುವುದಿಲ್ಲ, ನೀರು ಹೊತ್ತ ಎಲೆಗಳು ತಡೆಯುತ್ತವೆ. ಟವರಿನಿಂದ ಟವರಿಗೆ ಡಿಶ್‌ಗಳ ಮೂಲಕ ಸಾಗುವ ಇನ್ನೂ ಹೆಚ್ಚು ಆವರ್ತನದ ಅಲೆಗಳನ್ನು ಮಾತ್ರ ಜೋರು ಮಳೆ ನಿಜವಾಗಿಯೂ ಕುಗ್ಗಿಸುತ್ತದೆ. ಇವೆರಡಕ್ಕಿಂತ ದೊಡ್ಡ ಕಾರಣ ಕರೆಂಟು. ಎರಡು ದಿನ ವಿದ್ಯುತ್ ಇಲ್ಲದೆ ಟವರಿನ ಬ್ಯಾಟರಿ ಮುಗಿದು, ಡೀಸೆಲ್ ತರುವವರು ಬಾರದಿದ್ದರೆ ಇಡೀ ಗ್ರಾಮ ಮೂಕವಾಗುತ್ತದೆ.

ಸಿಮ್ ಬದಲಿಸುವ ಮೊದಲು ಇನ್ನೊಂದು ಕೆಲಸ ಮಾಡಬಹುದು. ಟ್ರಾಯ್ 2024ರಲ್ಲಿ ಮಾಡಿದ ನಿಯಮಗಳ ಪ್ರಕಾರ ಮೊಬೈಲ್ ಕಂಪನಿಗಳು ತಮ್ಮ ಸೇವೆ ಎಲ್ಲೆಲ್ಲಿ ಸಿಗುತ್ತದೆ ಎಂಬ ನಕ್ಷೆಯನ್ನು ತಮ್ಮ ಜಾಲತಾಣದಲ್ಲಿ ಪ್ರಕಟಿಸಬೇಕಾಗಿದೆ. ನಕ್ಷೆಯಲ್ಲಿ ನಮ್ಮ ಗುಡ್ಡ ಪೂರ್ತಿ ಬಣ್ಣ ತುಂಬಿರಬಹುದು, ಆದರೂ ಯಾವ ಕಂಪನಿಯದು ಹತ್ತಿರ ಎಂದು ಅಂದಾಜು ಸಿಗುತ್ತದೆ. ಅನಂತರ ನೆರೆಮನೆಯವರ ಫೋನನ್ನು ಒಂದು ದಿನ ಬೇಡಿ ತಂದು ಮೇಲೆ ಹೇಳಿದ ಡಿಬಿಎಂ ಅಂಕಿ ನೋಡುವುದೇ ನಿಜವಾದ ಪರೀಕ್ಷೆ.

‘ಬೂಸ್ಟರ್’ ಎಂದು ಕೆಲವರು ಮಾರಿಕೊಂಡು ಬರುವ ಸಾಧನವನ್ನು ಕೊಳ್ಳಬಾರದು. ಮೊಬೈಲ್ ಕಂಪನಿಗಳ ಹೊರತು ಖಾಸಗಿಯವರು ಅದನ್ನು ಅಳವಡಿಸುವುದು ಕಾನೂನಿಗೆ ವಿರುದ್ಧ, ಸುತ್ತಲಿನ ಎಲ್ಲರ ಸಿಗ್ನಲನ್ನೂ ಅದು ಕೆಡಿಸುತ್ತದೆ. ಅದರ ಬದಲು ಸಿಮ್ ಹಾಕುವ ರೌಟರ್ ಎಂಬ ಪೆಟ್ಟಿಗೆ ಸಿಗುತ್ತದೆ. ಅದನ್ನು ಮನೆಯ ಅತ್ಯುತ್ತಮ ಅಂಕಿ ಬಂದ ಜಾಗದಲ್ಲಿ, ಅಂದರೆ ಹೆಚ್ಚಾಗಿ ಮಾಳಿಗೆಯ ಟವರ್ ಕಡೆಯ ಕಿಟಕಿಯಲ್ಲಿ, ಇಟ್ಟು ಅಲ್ಲಿಂದ ಕೆಳಗೆ ತಂತಿ ಇಳಿಸಿ ವೈಫೈ ಹಂಚಬಹುದು. ಹೊರಗೆ ಆ್ಯಂಟೆನಾ ಜೋಡಿಸಲು ಅವಕಾಶವಿರುವ ರೌಟರುಗಳೂ ಇವೆ, ಕಣಿವೆಯ ಮನೆಗಳಿಗೆ ಅಂಥದೇ ಬೇಕು. 2023ರಿಂದ ‘ಏರ್‌ಫೈಬರ್’ ಎಂಬ ಹೆಸರಿನಲ್ಲಿ ಕಂಪನಿಗಳು ಕೊಡುತ್ತಿರುವ ಮನೆ ಸಂಪರ್ಕವೂ ಮೂಲತಃ ಟವರಿನಿಂದಲೇ ಬರುವಂಥದು. ಹೆಸರು ಕೇಳಿ ಗಾಜಿನ ಎಳೆ ಎಂದು ತಿಳಿಯಬಾರದು. ಟವರ್ ಕಾಣದ ಮನೆಗೆ ಅದೂ ಒದಗದು.

ಇದಕ್ಕೆ ತಿರುಗಾಗಿ, ಮನೆಗೆ ಫೈಬರ್ ಇದ್ದು ಮೊಬೈಲ್ ಸಿಗ್ನಲ್ ಇಲ್ಲದವರು ಫೋನಿನಲ್ಲಿ ‘ವೈಫೈ ಕಾಲಿಂಗ್’ ಎಂಬುದನ್ನು ಚಾಲೂ ಮಾಡಿಕೊಂಡರೆ ಮಾಮೂಲು ಕರೆಗಳು ವೈಫೈ ಮೂಲಕವೇ ಬರುತ್ತವೆ, ಹೋಗುತ್ತವೆ. ಬ್ಯಾಂಕಿನ ಒಟಿಪಿಗಾಗಿ ಗುಡ್ಡ ಹತ್ತುತ್ತಿದ್ದ ಸದಸ್ಯರೊಬ್ಬರಿಗೆ ಇದನ್ನು ಹೇಳಿಕೊಟ್ಟೆವು. ಕರೆಗಳು ಆ ದಿನವೇ ಬಂದವು. ಸಂದೇಶಗಳು ಬರುವುದು ಫೋನು ಮತ್ತು ಕಂಪನಿಯನ್ನು ಹೊಂದಿಕೊಂಡಿದೆ, ಅವರ ಅದೃಷ್ಟಕ್ಕೆ ಅವೂ ಬಂದವು.

ಮುಖ ಕಾಣುತ್ತದೆ, ಮಾತು ಕೇಳುವುದಿಲ್ಲ

ಮೂರನೆಯ ದೂರಿಗೆ ಕಾರಣ ವೇಗವಲ್ಲ, ವಿಳಂಬ. ಪೈಪು ಎಷ್ಟು ದಪ್ಪವಿದೆ ಎಂಬುದು ಒಂದು, ಕೆರೆಯ ಬಳಿ ವಾಲ್ವ್ ತೆರೆದ ಮೇಲೆ ಮನೆಯಲ್ಲಿ ಮೊದಲ ಹನಿ ಬೀಳಲು ಎಷ್ಟು ಹೊತ್ತು ಎಂಬುದು ಇನ್ನೊಂದು. ಇದನ್ನು ‘ಪಿಂಗ್’ ಎನ್ನುತ್ತಾರೆ, ಸೆಕೆಂಡಿನ ಸಾವಿರದ ಒಂದು ಭಾಗಗಳಲ್ಲಿ ಅಳೆಯುತ್ತಾರೆ. ಗಾಜಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರು ಓಡುತ್ತದೆ. ಅಮೆರಿಕದಲ್ಲಿರುವ, ಹದಿಮೂರು ಸಾವಿರ ಕಿಲೋಮೀಟರು ದೂರದ ಮಗನೊಡನೆ ಮಾತನಾಡಿದರೆ ಹೋಗಿ ಬರಲು ಕನಿಷ್ಠ 130 ಭಾಗ ಬೇಕೇ ಬೇಕು, ಯಾವ ಯೋಜನೆಯೂ ಅದನ್ನು ಕಡಿಮೆ ಮಾಡಲಾರದು. 35,786 ಕಿಲೋಮೀಟರು ಎತ್ತರದಲ್ಲಿ ನಿಂತಂತೆ ಕಾಣುವ ಉಪಗ್ರಹದ ಮೂಲಕವಾದರೆ ಅರ್ಧ ಸೆಕೆಂಡು ಬೇಕು. ಬೆಂಗಳೂರಿಗೆ ಇಷ್ಟೆಲ್ಲ ಬೇಡ. ಬೆಂಗಳೂರಿನ ಮಾತು ತುಂಡಾಗುತ್ತಿದ್ದರೆ ಏರುವ ಹಾದಿ ಮನೆಯಲ್ಲಿಯೇ ಕಟ್ಟಿಕೊಂಡಿದೆಯೋ ಎಂದು ಮೊದಲು ನೋಡಬೇಕು.

ಈಚೆಗೆ ನಾವು ಕಂಡ ಒಂದು ಮನೆಯಲ್ಲಿ ಅದನ್ನು ಕಟ್ಟಿದ್ದು ಕ್ಯಾಮರಾ. ಅಂಗಳದಲ್ಲಿ ಒಣಗುವ ಅಡಿಕೆಗೆ ಕಳ್ಳರ ಕಾಟ ಇರುವುದರಿಂದ ಕ್ಯಾಮರಾ ಇಡುವವರು ಹೆಚ್ಚಾಗಿದ್ದಾರೆ, ತಪ್ಪೇನೂ ಅಲ್ಲ. ಆದರೆ ಚಿತ್ರವನ್ನು ಹಗಲು ರಾತ್ರಿ ದೂರದ ಯಂತ್ರಕ್ಕೆ ಕಳುಹಿಸುವಂತೆ ಇಟ್ಟ ಒಂದು ಕ್ಯಾಮರಾ ಸೆಕೆಂಡಿಗೆ 2 ಮೆಗಾಬಿಟ್ ಏರಿಸಿದರೂ ದಿನಕ್ಕೆ 21 ಜಿಬಿಗಿಂತ ಹೆಚ್ಚಾಗುತ್ತದೆ. ಅಂಥವು ನಾಲ್ಕು ಇದ್ದವು. ಕ್ಯಾಮರಾದೊಳಗಿನ ಕಾರ್ಡಿನಲ್ಲಿಯೇ ದಾಖಲಾಗುವಂತೆ, ನಾವು ನೋಡಬೇಕೆಂದಾಗ ಮಾತ್ರ ಕಳುಹಿಸುವಂತೆ ಬದಲಿಸಿದ ದಿನದಿಂದ ಆ ಮನೆಯಲ್ಲಿ ಮಾತು ಕೇಳಿಸುತ್ತಿದೆ. ಕಾರ್ಡಿರುವ ಕ್ಯಾಮರಾವನ್ನೇ ಕಳ್ಳ ಹೊತ್ತುಕೊಂಡು ಹೋದರೆ ಎಂದು ಆ ಮನೆಯ ಯಜಮಾನರು ಕೇಳಿದರು. ಕೈಗೆಟುಕದ ಎತ್ತರಕ್ಕೆ ಹಾಕಿ ಎಂದೆವು.

ಎಷ್ಟು ಇದ್ದರೆ ಸಾಕು?

ಸರಕಾರದ ಲೆಕ್ಕದಲ್ಲಿ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು 2013ರಿಂದ 512 ಕೆಬಿಪಿಎಸ್ ಇದ್ದರೆ ಸಾಕಿತ್ತು. 2023ರ ಜನವರಿಯಲ್ಲಿ ಅದನ್ನು 2 ಎಂಬಿಪಿಎಸ್‌ಗೆ ಏರಿಸಿದರು. ಅಡಿಕೆಯ ಧಾರಣೆಯನ್ನೋ ಲಂಡನ್ನಿನ ರೊಬಸ್ಟಾ ಧಾರಣೆಯನ್ನೋ ನೋಡಲು ಅಷ್ಟೂ ಬೇಡ. ಟ್ರಂಕ್ ಕಾಲ್ ಹಾಕಿ ಅರ್ಧ ದಿನ ಕಾಯುತ್ತಿದ್ದ ಹಿರಿಯರಿಗೆ ಇದು ವಿನೋದವಾಗಿ ಕಂಡೀತು. ಯೂಟ್ಯೂಬಿನ ವಿಡಿಯೋ 360ರ ಗುಣಮಟ್ಟದಲ್ಲಿ ನೋಡಲು 0.7, 720ಕ್ಕೆ 2.5, 1080ಕ್ಕೆ 5, ದೊಡ್ಡ ಟಿವಿಯಲ್ಲಿ 4ಕೆ ನೋಡಲು 20 ಎಂಬಿಪಿಎಸ್ ಸಾಕೆಂದು ಆ ಸಂಸ್ಥೆಯೇ ಹೇಳುತ್ತದೆ. ಮನೆಯಲ್ಲಿ ಒಬ್ಬರು ಟಿವಿ, ಒಬ್ಬರು ಪಾಠ, ಇಬ್ಬರು ಫೋನ್ ನೋಡಿದರೂ 40 ದಾಟುವುದು ಅಪರೂಪ. ಸ್ಥಿರವಾಗಿ ಬರುವ 40, ಬಂದು ಹೋಗುವ 300ಕ್ಕಿಂತ ಮೇಲು. ಮೊಬೈಲ್ ಪ್ಯಾಕಿನಲ್ಲಿ ನಡೆಸುವವರು ಇನ್ನೊಂದು ಲೆಕ್ಕವನ್ನೂ ನೆನಪಿಡಬೇಕು: 1080ರಲ್ಲಿ ಒಂದು ಗಂಟೆ ನೋಡಿದರೆ ಎರಡು ಜಿಬಿಗಿಂತ ಹೆಚ್ಚು, 360ರಲ್ಲಿ ಅದೇ ಒಂದು ಗಂಟೆಗೆ ಒಂದು ಜಿಬಿಯ ಮೂರನೇ ಒಂದು ಭಾಗಕ್ಕೂ ಕಡಿಮೆ. ಔಷಧಿ ಸಿಂಪಡಣೆಯ ವಿಡಿಯೋವನ್ನು ಅಂಗೈಯಗಲದ ಪರದೆಯಲ್ಲಿ ನೋಡಲು 1080 ಏತಕ್ಕೆ?

ದೂರು ಕೊಡುವುದಾದರೆ ಮೊದಲು ಕಂಪನಿಯ ದೂರು ಕೇಂದ್ರಕ್ಕೆ ತಿಳಿಸಿ, ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಸಮಾಧಾನವಾಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು, ಅದಕ್ಕೆ ಶುಲ್ಕವಿಲ್ಲ. ಟ್ರಾಯ್ ವೈಯಕ್ತಿಕ ದೂರುಗಳನ್ನು ವಿಚಾರಿಸುವುದಿಲ್ಲ. ದೂರಿನೊಡನೆ ತಾರೀಕು, ಗಂಟೆ, ಪೆಟ್ಟಿಗೆಯ ಬಳಿ ತಂತಿಯಿಂದ ಅಳೆದ ಅಂಕಿ ಇವು ಇರಲಿ. ಹೀಗೆ ಬರೆದಿಟ್ಟುಕೊಂಡ ಸದಸ್ಯರು ಬಿಡುವಿನಲ್ಲಿ ಅದರ ಒಂದು ಪ್ರತಿಯನ್ನು ಸಂಘದ ಕಚೇರಿಗೆ ತಂದುಕೊಟ್ಟರೆ ಯಾವ ಗ್ರಾಮದಲ್ಲಿ ಯಾರ ಸಂಪರ್ಕ ಹೇಗಿದೆ ಎಂದು ಒಂದು ಪಟ್ಟಿ ಮಾಡಬಹುದು. ಫೋನಿನ ಡಿಬಿಎಂ ಅಂಕಿಯನ್ನು ಬರೆಯುವವರು ಮನೆಯೊಳಗಿನದೋ ಅಂಗಳದ್ದೋ ಎಂಬುದನ್ನು ಮರೆಯದೆ ನಮೂದಿಸಿರಿ.